ತಮ್ಮನ ಕಂಪ್ಯೂಟರ್, ಅಪ್ಪಾಜಿಯ ವರ್ನಿಯರ್

ಏಪ್ರಿಲ್ ಎರಡನೇ ವಾರ, ಗುರುವಾರ ರಾತ್ರಿ ಹನ್ನೊಂದೂವರೆ. ತಮ್ಮನ ಫೋನ್. ನಮ್ಮ ಮನೆಯಿಂದ ಆ ಹೊತ್ತಲ್ಲಿ ಫೋನ್ ಬಂದರೆ ಎದೆ ಒಂದು ಸಲ ಧಸಕ್ ಅನ್ನುತ್ತೆ.

"ಅಣ್ಣಾ, ಸಿಸ್ಟಂ ಮತ್ತೆ ಹೋಯ್ತು. ಸ್ಕ್ರೀನ್ ಕಪ್ಪಾಗುತ್ತೆ, ಫ್ಯಾನ್ ಮಾತ್ರ ಹಿಟ್ಟಿನ ಗಿರಣಿ ಥರ ಕೂಗ್ತಾನೇ ಇರುತ್ತೆ."

"ಗೇಮ್ ಸ್ವಲ್ಪ ಕಡಿಮೆ ಆಡೋ ಮಾರಾಯ."

"ಗೇಮ್ ಅಲ್ಲಣ್ಣಾ, ರೆಂಡರ್ ಹಾಕಿದೀನಿ. ಸೋಮವಾರ ಬೆಳಗ್ಗೆ ಹತ್ತಕ್ಕೆ ರೀಲ್ ಕಳಿಸಬೇಕು."

ತಮ್ಮ ದಾವಣಗೆರೆಯಲ್ಲಿ ಮನೆಯಲ್ಲೇ ಕೂತು ಅನಿಮೇಷನ್ ಕಲಿತವನು. ಬೆಂಗಳೂರಿನ ಒಂದು ಸ್ಟುಡಿಯೋ ಅವನ ಕೆಲಸ ನೋಡೋಕೆ ಒಪ್ಪಿತ್ತು. 30 ಸೆಕೆಂಡಿನ ವಿಡಿಯೋ, ಸೆಕೆಂಡಿಗೆ 24 ಚಿತ್ರ, ಒಟ್ಟು 720 ಫ್ರೇಮ್. ಬ್ಲೆಂಡರ್ ಸಾಫ್ಟ್‌ವೇರ್ ಒಂದೊಂದೇ ಫ್ರೇಮನ್ನು ಗ್ರಾಫಿಕ್ಸ್ ಕಾರ್ಡಿನ ಕೈಲಿ ಲೆಕ್ಕ ಹಾಕಿಸಿ ಚಿತ್ರ ಮಾಡುತ್ತೆ. ಅವನದು ಫ್ರೇಮಿಗೆ 110 ಸೆಕೆಂಡ್ ತಗೊಳ್ತಿತ್ತು, ಅಂದರೆ ಪೂರ್ತಿ ಮುಗಿಯೋಕೆ 22 ಗಂಟೆ. ಆದರೆ ಕಂಪ್ಯೂಟರ್ 40 ನಿಮಿಷಕ್ಕಿಂತ ಜಾಸ್ತಿ ಬದುಕ್ತಾ ಇರಲಿಲ್ಲ.

ಊರಿನ ಅಂಗಡಿಯೊಂದಕ್ಕೆ ತಗೊಂಡು ಹೋಗಿದ್ದನಂತೆ. ಅವರು ಡಬ್ಬಿಯನ್ನೂ ಬಿಚ್ಚದೆ "ಕಾರ್ಡ್ ಹೋಗಿದೆ, ಹೊಸದು ಹಾಕ್ಸಿ, 24 ಸಾವಿರ ಆಗುತ್ತೆ" ಅಂದರಂತೆ. ಅಪ್ಪಾಜಿಯ ತೀರ್ಪು ಇನ್ನೂ ಸರಳ: "ಹೊಸಾ ಕಾರ್ಡು. ರಾತ್ರಿಯಿಡೀ ಗೇಮ್ ಆಡಿ ಸುಟ್ಟ."

ಆ ಮಾತು ಕೇಳಿ ನನ್ನ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯ್ತು. ಯಾಕಂದ್ರೆ ಅದು ಹೊಸ ಕಾರ್ಡ್ ಅಲ್ಲ. ಅದು ಗೊತ್ತಿದ್ದದ್ದು ನನಗೊಬ್ಬನಿಗೇ.

ನಾನು ಹೇಳಿದ ಸಣ್ಣ ಸುಳ್ಳು

2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಅನ್ನೋ ಕ್ರಿಪ್ಟೋ ಹಣದ ಜಾಲ ತನ್ನ ಕೆಲಸದ ವಿಧಾನವನ್ನೇ ಬದಲಿಸಿತು. ಅಲ್ಲಿಯವರೆಗೆ ಜನ ಗ್ರಾಫಿಕ್ಸ್ ಕಾರ್ಡ್‌ಗಳನ್ನು ಸಾಲಾಗಿ ಜೋಡಿಸಿ, ಹಗಲು-ರಾತ್ರಿ ಓಡಿಸಿ ಅದನ್ನು 'ಮೈನ್' ಮಾಡ್ತಿದ್ದರು. ಆವತ್ತಿಂದ ಅದಕ್ಕೆ ಕಾರ್ಡ್ ಬೇಡವೇ ಬೇಡ ಅಂತಾಯ್ತು. ದುಡಿದು ಸುಸ್ತಾದ ಕಾರ್ಡ್‌ಗಳು ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೆ ಬಂದು ಬಿದ್ದವು. ಅಂಥದ್ದೇ ಒಂದು ಜಿಟಿಎಕ್ಸ್ 1660 ಸೂಪರ್ ಅನ್ನು ನಾನು ಆ ವರ್ಷದ ಕೊನೆಗೆ 11 ಸಾವಿರಕ್ಕೆ ತಗೊಂಡು ತಮ್ಮನಿಗೆ ಕೊಟ್ಟೆ. ಹಳೇ ಸಾಮಾನು ಅಂದರೆ ಅಪ್ಪಾಜಿ ಬೈತಾರೆ ಅಂತ ಮನೇಲಿ "ಹೊಸದು" ಅಂದೆ. ತಮ್ಮನಿಗೂ ಅಷ್ಟೇ ಹೇಳಿದೆ.

ಮೈನಿಂಗ್ ಮಾಡಿದ ಕಾರ್ಡ್ ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಚಿಪ್ ಸಾಮಾನ್ಯವಾಗಿ ಚೆನ್ನಾಗೇ ಇರುತ್ತೆ. ಮೊದಲು ಸೋಲೋದು ಫ್ಯಾನಿನ ಬೇರಿಂಗು, ಚಿಪ್ಪಿನ ಮೇಲಿನ ಪೇಸ್ಟು, ಮೆಮೊರಿಯ ಮೇಲಿನ ಪ್ಯಾಡು. ಅಂದರೆ ಕಾಲಕಾಲಕ್ಕೆ ಬದಲಿಸಬೇಕಾದ ವಸ್ತುಗಳು. ಇದು ನನಗೆ ಓದಿ ಗೊತ್ತಿತ್ತು. ಕೈಯಾರೆ ಒಂದು ಕಾರ್ಡನ್ನೂ ಬಿಚ್ಚಿರಲಿಲ್ಲ. ನಾನು ಕೋಡ್ ಬರೆಯೋನು. ನಮ್ಮಲ್ಲಿ ತಪ್ಪಾದರೆ ಹಿಂದಿನ ವರ್ಷನ್ನಿಗೆ ಹೋಗಿಬಿಡ್ತೀವಿ.

ಶುಕ್ರವಾರ ಆಫೀಸಿಂದ ಬೇಗ ಎದ್ದು ಎಸ್.ಪಿ. ರೋಡಿಗೆ ಹೋದೆ. ಥರ್ಮಲ್ ಪೇಸ್ಟ್ ಒಂದು ಟ್ಯೂಬ್, ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಬಾಟಲಿ, ಥರ್ಮಲ್ ಪ್ಯಾಡ್ ಒಂದು ಪ್ಯಾಕೆಟ್. ಪ್ಯಾಡ್ ಕೇಳಿದಾಗ ಅಂಗಡಿಯವನು "ಎಷ್ಟು ಎಂಎಂ ಸಾರ್?" ಅಂದ. "ಯಾವುದು ಜಾಸ್ತಿ ಹೋಗುತ್ತೋ ಅದನ್ನೇ ಕೊಡಿ" ಅಂದೆ. ಅವನು ಒಂದೂವರೆ ಎಂಎಂ ಕೊಟ್ಟ. ಈ ಮಾತು ನೆನಪಿಟ್ಟುಕೊಳ್ಳಿ.

ಮೊದಲು ಅಳತೆ, ಆಮೇಲೆ ಸ್ಕ್ರೂಡ್ರೈವರ್

ಶನಿವಾರ ಬೆಳಗಿನ ಜಾವ ಮನೆ ಸೇರಿದೆ. ಕಂಪ್ಯೂಟರ್ ಇದ್ದದ್ದು ಟೇಬಲ್ಲಿನ ಖಾನೆಯೊಳಗೆ, ಬೆನ್ನು ಗೋಡೆಗೆ ತಾಗಿಸಿಕೊಂಡು. ಹಿಂದಿಂದ ಹೊರಗೆ ಬಂದ ಬಿಸಿಗಾಳಿ ಮತ್ತೆ ಮುಂದಿಂದ ಒಳಗೇ ಹೋಗ್ತಿತ್ತು. ನಮ್ಮ ಮನೆಯಿಂದ ಮಂಡಕ್ಕಿ ಭಟ್ಟಿಗಳು ದೂರವಿಲ್ಲ. ಕಿಟಕಿ ತೆಗೆದರೆ ಮಸಿ, ಮುಚ್ಚಿದರೆ ಧಗೆ. ಅಡುಗೆಮನೆ ಪಕ್ಕದ ಕೋಣೆ ಬೇರೆ, ಒಗ್ಗರಣೆಯ ಎಣ್ಣೆ ಹಬೆಯೂ ಇತ್ತ ಕಡೆಗೇ.

ಕೈ ಹಾಕುವ ಮೊದಲು ಅಳತೆ ತಗೊಂಡೆ. ಎಚ್‌ಡಬ್ಲ್ಯುಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ನೋಡಬೇಕಾದ್ದು ನಾಲ್ಕೇ ಅಂಕಿ: ಚಿಪ್ಪಿನ ಉಷ್ಣತೆ, ಹಾಟ್‌ಸ್ಪಾಟ್, ಅಂದರೆ ಚಿಪ್ಪಿನಲ್ಲೇ ಅತಿ ಬಿಸಿಯಾದ ಜಾಗ, ಫ್ಯಾನಿನ ವೇಗ, ಮತ್ತೆ ಕ್ಲಾಕ್, ಅಂದರೆ ಕಾರ್ಡ್ ಓಡುತ್ತಿರುವ ವೇಗ. ರೆಂಡರ್ ಹಾಕಿದ ನಾಲ್ಕೇ ನಿಮಿಷಕ್ಕೆ ಚಿಪ್ 84 ಡಿಗ್ರಿ, ಹಾಟ್‌ಸ್ಪಾಟ್ 108, ಫ್ಯಾನ್ ಪೂರ್ತಿ ನೂರು. 1,800 ಮೆಗಾಹರ್ಟ್ಜ್ ಇದ್ದ ಕ್ಲಾಕ್ 1,350ಕ್ಕೆ ಇಳಿದಿತ್ತು.

ಎನ್‌ವಿಡಿಯಾದ ಈ ಪೀಳಿಗೆಯ ಕಾರ್ಡ್‌ಗಳು 83 ಡಿಗ್ರಿ ಆಸುಪಾಸಿಗೆ ಬಂದರೆ ತಾವೇ ವೇಗ ಇಳಿಸಿಕೊಂಡು ಜೀವ ಉಳಿಸಿಕೊಳ್ತವೆ. ಹಾಗಾಗಿ ಬರೀ ಉಷ್ಣತೆ ನೋಡಿದರೆ ಮೋಸ ಹೋಗ್ತೀವಿ. ಪಕ್ಕದ ಬಾಗಿಲು ತೆಗೆದು, ಡಬ್ಬಿಯನ್ನು ಖಾನೆಯಿಂದ ಹೊರಗಿಟ್ಟು ಮತ್ತೆ ಓಡಿಸಿದೆ. ಉಷ್ಣತೆ ಇಳಿದದ್ದು ಒಂದೇ ಡಿಗ್ರಿ. ಆದರೆ ಕ್ಲಾಕ್ 1,470ಕ್ಕೆ ಏರಿತು. ಗಾಳಿಯ ಕೊರತೆ ಇದ್ದದ್ದು ನಿಜ, ಅದೊಂದೇ ಅಲ್ಲ ಅಂತ ಗೊತ್ತಾಯ್ತು.

ಆಮೇಲೆ ಧೂಳು. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಕಳೆದೆ. ಡಬ್ಬಿಯ ಕಬ್ಬಿಣ ಮುಟ್ಟಿ ಮೈಯ ಸ್ಟ್ಯಾಟಿಕ್ ಬಿಟ್ಟು, ಕಾರ್ಡನ್ನು ಹೊರಗೆ ತೆಗೆದೆ. ಹೀಟ್‌ಸಿಂಕಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಧೂಳು, ಮಸಿ, ಎಣ್ಣೆ ಮೂರೂ ಸೇರಿ ಹಾಸಿಗೆಯ ಹತ್ತಿ ಥರ ಗಟ್ಟಿಯಾಗಿತ್ತು. ಮೆತ್ತನೆ ಪೇಂಟಿಂಗ್ ಬ್ರಷ್ಷು, ಗಾಳಿ ಊದೋ ಬ್ಲೋವರ್ರು ಸಾಕು. ಒಂದು ಎಚ್ಚರ: ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಬೇಕು. ಇಲ್ಲದಿದ್ದರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತೆ. ತಿರುಗೋ ಮೋಟರು ತಾನೇ ಡೈನಮೋ ಆಗಿ ಬೋರ್ಡಿಗೆ ಕರೆಂಟ್ ತಳ್ಳುವುದೂ ಉಂಟು.

ಮತ್ತೆ ಓಡಿಸಿದೆ. ಚಿಪ್ 81, ಕ್ಲಾಕ್ 1,650. ತಮ್ಮನ ಮುಖ ಅರಳಿತು. ಆದರೆ ಹಾಟ್‌ಸ್ಪಾಟ್ ಇನ್ನೂ 104. ಚಿಪ್ಪಿಗೂ ಹಾಟ್‌ಸ್ಪಾಟಿಗೂ ಇರೋ ಅಂತರ ಮೊದಲು 24, ಈಗ 23. ಸಾಮಾನ್ಯವಾಗಿ ಅದು 10-15 ಡಿಗ್ರಿ ಇರಬೇಕು. ಧೂಳು ಎರಡನ್ನೂ ಒಟ್ಟಿಗೆ ಏರಿಸುತ್ತೆ, ಅಂತರ ಹಿಗ್ಗಿಸಲ್ಲ. ಅಂತರ ಜಾಸ್ತಿ ಇದ್ದರೆ ಚಿಪ್ಪಿಗೂ ಹೀಟ್‌ಸಿಂಕಿಗೂ ಮಧ್ಯೆ ಸಂಬಂಧ ಕೆಟ್ಟಿದೆ ಅಂತ ಅರ್ಥ. ಅಷ್ಟರಲ್ಲಿ 35ನೇ ನಿಮಿಷಕ್ಕೆ ಸ್ಕ್ರೀನ್ ಮತ್ತೆ ಕಪ್ಪಾಯ್ತು.

ರೊಟ್ಟಿ ಮತ್ತು ಹಂಚು

ಪೇಸ್ಟ್ ಯಾಕೆ ಬೇಕು ಅಂತ ಅಮ್ಮ ಕೇಳಿದರು. ಅಮ್ಮ ಆಗ ಜೋಳದ ರೊಟ್ಟಿ ಬೇಯಿಸ್ತಿದ್ದರು, ಉತ್ತರ ಹಂಚಿನ ಮೇಲೇ ಇತ್ತು. ರೊಟ್ಟಿ ಹಂಚಿಗೆ ಕೂತ ಕಡೆ ಚೆನ್ನಾಗಿ ಬೇಯುತ್ತೆ, ಉಬ್ಬಿ ಎದ್ದ ಕಡೆ ಬೆಳ್ಳಗೇ ಉಳಿಯುತ್ತೆ. ಮಧ್ಯೆ ಗಾಳಿ ಇರುತ್ತಲ್ಲ, ಅದಕ್ಕೆ. ತಾಮ್ರ ಶಾಖ ಸಾಗಿಸುವ ಶಕ್ತಿ ಸುಮಾರು 400 ಅಂದುಕೊಂಡರೆ, ಅದೇ ಅಳತೆಯಲ್ಲಿ ಗಾಳಿಯದ್ದು 0.026. ಚಿಪ್ಪು, ಹೀಟ್‌ಸಿಂಕು ಎರಡೂ ಕಣ್ಣಿಗೆ ನುಣುಪು. ನಿಜವಾಗಿ ಎರಡರಲ್ಲೂ ಕಾಣದ ತಗ್ಗು-ದಿಣ್ಣೆ. ಆ ತಗ್ಗಿನ ಗಾಳಿಯನ್ನು ಹೊರದಬ್ಬಿ ತಾನು ತುಂಬಿಕೊಳ್ಳೋದೇ ಪೇಸ್ಟಿನ ಕೆಲಸ. ಅದರ ಶಕ್ತಿಯೂ ಹತ್ತರ ಆಸುಪಾಸು ಅಷ್ಟೇ, ತಾಮ್ರದ ಮುಂದೆ ಏನೂ ಅಲ್ಲ. ಹಾಗಾಗಿ ದಪ್ಪಗೆ ಮೆತ್ತಿದರೆ ಲಾಭವಿಲ್ಲ. ತೆಳ್ಳಗೆ, ಆದರೆ ಚಿಪ್ ಪೂರ್ತಿ ಮುಚ್ಚಬೇಕು.

ಹಳೇ ಪೇಸ್ಟ್ ಗಟ್ಟಿಯಾಗಿ ಹಿಡಿದಿರುತ್ತೆ. ಬಿಚ್ಚೋ ಮೊದಲು ಐದು ನಿಮಿಷ ಕಂಪ್ಯೂಟರ್ ಓಡಿಸಿ ಕಾರ್ಡನ್ನು ಬೆಚ್ಚಗೆ ಮಾಡಿಕೊಂಡರೆ ಸಡಿಲವಾಗುತ್ತೆ. ಚಿಪ್ಪಿನ ಸುತ್ತಲಿನ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳನ್ನು ಎದುರು-ಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಹೀಟ್‌ಸಿಂಕನ್ನು ಎಳೀಬಾರದು, ಮೆಲ್ಲಗೆ ಆಚೀಚೆ ತಿರುವಿ ಎತ್ತಬೇಕು. ಫ್ಯಾನಿನ ವೈರ್ ಇನ್ನೂ ಬೋರ್ಡಿಗೆ ಅಂಟಿಕೊಂಡೇ ಇರುತ್ತೆ, ಅದನ್ನು ಮೊದಲು ಬಿಡಿಸಬೇಕು.

ಎತ್ತಿ ನೋಡಿದರೆ ಪೇಸ್ಟ್ ಒಣಗಿದ ಸುಣ್ಣದ ಹಾಗೆ ಉದುರಿತು. ಮೆಮೊರಿ ಚಿಪ್‌ಗಳ ಮೇಲಿನ ಪ್ಯಾಡ್‌ಗಳು ಎಣ್ಣೆ ಬಿಟ್ಟು, ಬಿರುಕು ಬಿಟ್ಟು, ಮುಟ್ಟಿದರೆ ಚೂರಾಗ್ತಿದ್ದವು. ಈ ಕಾರ್ಡಿನ ಮೆಮೊರಿ ಎಷ್ಟು ಬಿಸಿಯಾಗಿದೆ ಅಂತ ತೋರಿಸೋಕೆ ಸಾಫ್ಟ್‌ವೇರಲ್ಲಿ ಅಂಕಿಯೇ ಬರಲ್ಲ. ಸ್ಕ್ರೀನ್ ಕಪ್ಪಾಗ್ತಿದ್ದದ್ದಕ್ಕೆ ಅದೇ ಕಾರಣ ಇರಬೇಕು ಅನ್ನಿಸ್ತು.

ಆಲ್ಕೋಹಾಲಲ್ಲಿ ಒರೆಸಿ, ಹೊಸ ಪೇಸ್ಟ್ ಹಚ್ಚಿ, ಹೊಸ ಪ್ಯಾಡ್ ಕತ್ತರಿಸಿ ಕೂರಿಸಿದೆ. ಸ್ಕ್ರೂ ಬಿಗಿ ಮಾಡಿ ಆನ್ ಮಾಡಿದೆ. ತಮ್ಮನ ಜೊತೆ ಸೆಲ್ಫಿ ಬೇರೆ.

ಏನೂ ಕೆಲಸ ಕೊಡದೆ ಸುಮ್ಮನಿದ್ದಾಗಲೇ 70 ಡಿಗ್ರಿ. ರೆಂಡರ್ ಹಾಕಿದ ಅರ್ಧ ನಿಮಿಷಕ್ಕೆ 94. ಗಾಬರಿಯಲ್ಲಿ ಸ್ವಿಚ್ಚೇ ಆರಿಸಿಬಿಟ್ಟೆ.

ತಮ್ಮ ಏನೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಗಂಟೆ ಮಧ್ಯಾಹ್ನ ಎರಡು.

ಅರ್ಧ ಮಿಲಿಮೀಟರ್

ಮತ್ತೆ ಬಿಚ್ಚಿದೆ. ಚಿಪ್ಪಿನ ಮೇಲೆ ನಾನು ಹಚ್ಚಿದ ಪೇಸ್ಟ್ ಹಚ್ಚಿದ ಹಾಗೇ ಕೂತಿತ್ತು. ಹೀಟ್‌ಸಿಂಕಿನ ಕಡೆ ಒಂದು ಮೂಲೆಯಲ್ಲಿ ಮಾತ್ರ ಸವರಿದ ಗುರುತು. ಅಂದರೆ ಎರಡೂ ಮುಟ್ಟಿಕೊಂಡೇ ಇಲ್ಲ.

ಅಪ್ಪಾಜಿ ಅಷ್ಟೊತ್ತೂ ಬಾಗಿಲಲ್ಲಿ ನಿಂತು ನೋಡ್ತಿದ್ದರು. ಮೂವತ್ತು ವರ್ಷ ಲೇತ್ ಶಾಪಲ್ಲಿ ದುಡಿದ ಮನುಷ್ಯ. ಒಳಗೆ ಬಂದು ಕೂತರು.

"ಈ ಪ್ಯಾಡು ಎಷ್ಟು ದಪ್ಪ ಇರ್ಬೇಕು?"

"ಗೊತ್ತಿಲ್ಲ ಅಪ್ಪಾಜಿ."

"ಗೊತ್ತಿಲ್ದೇ ಹಾಕಿದ್ಯಾ?"

ಉತ್ತರ ಇರಲಿಲ್ಲ.

"ಪಂಪಿನ ಜಾಯಿಂಟಿಗೆ ಪ್ಯಾಕಿಂಗ್ ಜಾಸ್ತಿ ಕೊಟ್ರೆ ಜಾಯಿಂಟೇ ಕೂರಲ್ಲ. ಇದೂ ಹಂಗೇ ಅಲ್ವಾ?" ಅಂದು ಎದ್ದು ಹೋಗಿ, ಮರದ ಪೆಟ್ಟಿಗೆಯಿಂದ ವರ್ನಿಯರ್ ಕ್ಯಾಲಿಪರ್ ತಂದರು. ನಾನು ಅದನ್ನು ಕೊನೆಯದಾಗಿ ಹಿಡಿದದ್ದು ಇಂಜಿನಿಯರಿಂಗ್ ಮೊದಲ ವರ್ಷದ ಲ್ಯಾಬಿನಲ್ಲಿ, ಅದೂ ಪಕ್ಕದವನ ರೀಡಿಂಗ್ ನೋಡಿ ಬರ್ಕೊಂಡಿದ್ದೆ.

ಹಳೇ ಪ್ಯಾಡಿನ ಚೂರೊಂದನ್ನು ನಾನೇ ಅಳೆದೆ. "0.8" ಅಂದೆ. ಅಪ್ಪಾಜಿ ತಲೆ ಅಲ್ಲಾಡಿಸಿದರು. "ಒತ್ತಿ ಚಪ್ಪಟೆಯಾದ ಕಡೆ ಅಳೆದ್ರೆ ಏನು ಬಂತು? ಚಿಪ್ಪಿಂದ ಆಚೆ ಚಾಚಿದ ಅಂಚು ಇದೆಯಲ್ಲ, ಅಲ್ಲಿ ಅಳಿ. ಮೆತ್ತನೆ ಸಾಮಾನು, ದವಡೆ ಬಿಗಿ ಹಿಡೀಬೇಡ. ಮುಟ್ಟಿಯೂ ಮುಟ್ಟದ ಹಾಗಿರಬೇಕು." ಅವರೇ ಹಿಡಿದು, ಕನ್ನಡಕ ಹಣೆಗೇರಿಸಿ, ಕಿಟಕಿ ಬೆಳಕಿಗೆ ತಿರುಗಿಸಿ ಓದಿದರು. "ಒಂದು ಎಂಎಂ."

ನಾನು ಹಾಕಿದ್ದು ಒಂದೂವರೆ. ಸುತ್ತಲಿನ ಮೆಮೊರಿಯ ಮೇಲೆ ಅರ್ಧ ಮಿಲಿಮೀಟರ್ ಎತ್ತರಕ್ಕೆ ಕಂಬ ನಿಲ್ಲಿಸಿದ ಹಾಗೆ. ಮಧ್ಯದ ಮುಖ್ಯ ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಪೂರ್ತಿ ಗಾಳಿ, ಉಬ್ಬಿದ ರೊಟ್ಟಿಯ ಹಾಗೆ.

ಬೆಂಗಳೂರಿನ ರೂಮ್‌ಮೇಟ್‌ಗೆ ಫೋನ್ ಮಾಡಿದೆ. ಪಾಪ, ಶನಿವಾರದ ನಿದ್ದೆ ಬಿಟ್ಟು ಎಸ್.ಪಿ. ರೋಡಿಗೆ ಹೋಗಿ ಒಂದು ಎಂಎಂ ಪ್ಯಾಡ್ ತಗೊಂಡು ರಾತ್ರಿ ಬಸ್ಸಿಗೆ ಕೊಟ್ಟ.

ಸಂಜೆ ಅಪ್ಪಾಜಿ ಸ್ಕ್ರೂಗಳನ್ನು ಒಂದು ಸ್ಟೀಲ್ ತಟ್ಟೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಜೋಡಿಸ್ತಾ ಕೂತಿದ್ದರು. ತಮ್ಮ ಹೊರಗೆ ಹೋಗಿದ್ದ. ಹೇಳಿಬಿಡೋಣ ಅನ್ನಿಸ್ತು.

"ಅಪ್ಪಾಜಿ, ಈ ಕಾರ್ಡ್ ಹೊಸದಲ್ಲ. ನಾನು ತಗೊಂಡಿದ್ದೇ ಹಳೇದು."

ಅವರು ತಲೆ ಎತ್ತಲಿಲ್ಲ. "ಸ್ಕ್ರೂ ತಲೆ ನೋಡಿದಾಗ್ಲೇ ಗೊತ್ತಾಯ್ತು. ನೀನು ಬಿಚ್ಚೋಕೆ ಮುಂಚೆನೇ ಯಾರೋ ಬಿಚ್ಚಿದಾರೆ." ಸ್ವಲ್ಪ ಹೊತ್ತು ಬಿಟ್ಟು ಅಂದರು: "ಆ ಹುಡುಗನ್ನ ಸುಮ್ನೆ ಬೈದೆ."

ನನಗೆ ಒಂದು ಮಾತೂ ಬೈಲಿಲ್ಲ. ತಮ್ಮ ಬಂದ ಮೇಲೆ ಅವನಿಗೂ ಹೇಳಿದೆ. "ನಂಗೆ ಮೊದ್ಲೇ ಡೌಟಿತ್ತು ಬಿಡಣ್ಣಾ, ಬಾಕ್ಸೇ ಇರ್ಲಿಲ್ವಲ್ಲ" ಅಂದ. ಮನೇಲಿ ಸುಳ್ಳು ನಂಬಿಕೊಂಡಿದ್ದದ್ದು ನಾನೊಬ್ಬನೇ ಇರಬೇಕು.

ಭಾನುವಾರ

ಬೆಳಗ್ಗೆ ಐದೂವರೆಗೆ ಅಪ್ಪಾಜಿ, ನಾನು ಬಸ್ ಸ್ಟ್ಯಾಂಡಲ್ಲಿ. ಡ್ರೈವರ್ ಕೊಟ್ಟ ಸಣ್ಣ ಕವರ್ ಹಿಡಿದು ಮನೆಗೆ ಬಂದು, ಮೂರು ಜನ ಕೂತು ಜೋಡಿಸಿದೆವು. ಈ ಸಲ ಸ್ಕ್ರೂ ಬಿಗಿ ಮಾಡೋ ಮೊದಲು ಒಮ್ಮೆ ಹೀಟ್‌ಸಿಂಕನ್ನು ಒತ್ತಿ ಎತ್ತಿ ನೋಡಿದೆವು. ಪೇಸ್ಟಿನ ಗುರುತು ಎರಡೂ ಕಡೆ ಪೂರ್ತಿ ಬಿದ್ದಿತ್ತು. ಮತ್ತೆ ಒರೆಸಿ, ಹೊಸದಾಗಿ ಹಚ್ಚಿ ಮುಚ್ಚಿದೆವು.

ಕೋಣೆಯಲ್ಲಿ 35 ಡಿಗ್ರಿ ಸೆಕೆ. ಪೂರ್ತಿ ಕೆಲಸ ಕೊಟ್ಟಾಗ ಚಿಪ್ 72, ಹಾಟ್‌ಸ್ಪಾಟ್ 84. ಅಂತರ 12. ಕ್ಲಾಕ್ ಇಳಿಯಲೇ ಇಲ್ಲ. ಆಮೇಲೆ ಎಂಎಸ್‌ಐ ಆಫ್ಟರ್‌ಬರ್ನರ್ ಸಾಫ್ಟ್‌ವೇರಲ್ಲಿ ಕಾರ್ಡಿನ ಪವರ್ ಮಿತಿಯನ್ನು ಶೇ. 80ಕ್ಕೆ ಇಳಿಸಿದೆ. ಈ ಕಾರ್ಡ್ 125 ವ್ಯಾಟ್ ತಿನ್ನೋದು. ಕೊನೆಯ ಇಪ್ಪತ್ತೈದು ವ್ಯಾಟಿನಿಂದ ಸಿಗೋ ವೇಗ ತುಂಬಾ ಕಡಿಮೆ, ಶಾಖ ಮಾತ್ರ ಜಾಸ್ತಿ. ಉಷ್ಣತೆ 67ಕ್ಕೆ ಬಂತು. ಫ್ರೇಮಿಗೆ 80 ಸೆಕೆಂಡ್. 22 ಗಂಟೆಯ ಕೆಲಸ 16 ಗಂಟೆಗೆ ಇಳಿದಿತ್ತು.

ಬೆಳಗ್ಗೆ ಹನ್ನೊಂದಕ್ಕೆ ರೆಂಡರ್ ಶುರು. ಒಂದೊಂದು ಫ್ರೇಮ್ ಬೇರೆ ಫೈಲಾಗಿ ಉಳಿಯೋದರಿಂದ ಮಧ್ಯೆ ನಿಂತರೂ ನಿಂತಲ್ಲಿಂದ ಮುಂದುವರಿಸಬಹುದು. ಆದರೆ ರಾತ್ರಿ ನಿಂತರೆ ನೋಡೋರು ಯಾರು? ನಾನು, ತಮ್ಮ ಪಾಳಿ ಹಾಕಿಕೊಂಡೆವು. ರಾತ್ರಿ ಎರಡಕ್ಕೆ ನನ್ನ ಪಾಳಿಗೆ ಎದ್ದು ಬಂದರೆ ತಮ್ಮ ಕುರ್ಚಿಯಲ್ಲೇ ಗೊರಕೆ ಹೊಡೀತಿದ್ದ. ಪಕ್ಕದಲ್ಲಿ ಅಪ್ಪಾಜಿ ಬನಿಯನ್ನಲ್ಲಿ ಕೂತು ಸ್ಕ್ರೀನ್ ನೋಡ್ತಿದ್ದರು. "675 ಆಯ್ತು. ಅರವತ್ತೇಳೇ ತೋರಿಸ್ತಿದೆ. ಹೋಗಿ ಮಲ್ಕೋ" ಅಂದರು.

ಮೂರಕ್ಕೆ ಮುಗೀತಂತೆ. ಒಂಬತ್ತಕ್ಕೆ ತಮ್ಮ ರೀಲ್ ಕಳಿಸಿದ.

ನಿಮ್ಮ ಕಂಪ್ಯೂಟರಿಗೂ ಹೀಗಾದರೆ

ಇದನ್ನು ಓದ್ತಿರೋ ಎಷ್ಟೋ ಜನರ ಮನೆಯಲ್ಲೂ ಇಂಥ ಬಿಸಿ ಡಬ್ಬಿ ಇರಬಹುದು. ಹಾಗಾಗಿ ನಾನು ತಪ್ಪು ಮಾಡಿ ಕಲಿತ ಕ್ರಮ ಹೇಳಿಬಿಡ್ತೀನಿ.

ಮೊದಲು ಅಳೆಯಿರಿ, ಬರೆದಿಡಿ. ಕೋಣೆಯ ಸೆಕೆಯನ್ನೂ ಲೆಕ್ಕಕ್ಕೆ ತಗೊಳ್ಳಿ. ಫ್ಯಾನ್ ಎಷ್ಟೇ ಬೀಸಿದರೂ ಚಿಪ್ ಕೋಣೆಗಿಂತ ತಣ್ಣಗಾಗಲ್ಲ. ದಾವಣಗೆರೆಯ ಏಪ್ರಿಲ್ಲಿನ 70 ಡಿಗ್ರಿಯೂ ಬೆಂಗಳೂರಿನ ಡಿಸೆಂಬರಿನ 60 ಡಿಗ್ರಿಯೂ ಹೆಚ್ಚುಕಮ್ಮಿ ಒಂದೇ. ಸುಮ್ಮನಿದ್ದಾಗ ಫ್ಯಾನ್ ತಿರುಗದಿದ್ದರೆ ಹೆದರಬೇಡಿ, ಅನೇಕ ಕಾರ್ಡ್‌ಗಳ ಸ್ವಭಾವವೇ ಅದು. ಕೆಲಸ ಕೊಟ್ಟಾಗಲೂ ತಿರುಗದಿದ್ದರೆ ಫ್ಯಾನೇ ಬದಲಿಸಬೇಕು.

ಎರಡನೆಯದು, ಸುಲಭದ್ದರಿಂದ ಶುರು ಮಾಡಿ. ಡಬ್ಬಿಯನ್ನು ಗೋಡೆಯಿಂದ ಅರ್ಧ ಅಡಿ ಈಚೆ ಎಳೆಯಿರಿ, ಖಾನೆಯಿಂದ ಹೊರಗಿಡಿ, ಧೂಳು ತೆಗೆಯಿರಿ, ಪವರ್ ಮಿತಿ ಇಳಿಸಿ ನೋಡಿ. ಇಷ್ಟರಲ್ಲೇ ಸರಿಹೋದರೆ ಸ್ಕ್ರೂ ಮುಟ್ಟಬೇಡಿ.

ಮೂರನೆಯದು, ವಾರಂಟಿ ಇದ್ದರೆ ಕಾರ್ಡ್ ಬಿಚ್ಚಲೇಬೇಡಿ, ಸರ್ವೀಸ್ ಸೆಂಟರಿಗೆ ಕೊಡಿ. ಸ್ಕ್ರೀನಿನಲ್ಲಿ ಬಣ್ಣಬಣ್ಣದ ಚೌಕಗಳು, ಗೆರೆಗಳು ಕಾಣ್ತಿದ್ದರೆ ತೊಂದರೆ ಪೇಸ್ಟಿಗಿಂತ ಆಳದಲ್ಲಿರಬಹುದು.

ನಾಲ್ಕನೆಯದು, ಪ್ಯಾಡಿನ ದಪ್ಪ ಅಳೆಯದೆ ಅಂಗಡಿಗೆ ಹೋಗಬೇಡಿ. ನನಗೆ ಎರಡು ಸಲದ ಪ್ಯಾಡೂ ಸೇರಿ ಒಟ್ಟು ಖರ್ಚಾದದ್ದು 1,300 ರೂಪಾಯಿ. ಅಂಗಡಿಯವರು ಹೇಳಿದ್ದು 24 ಸಾವಿರ.

ಸ್ಟುಡಿಯೋದವರು ತಮ್ಮನನ್ನು ಎರಡನೇ ಸುತ್ತಿಗೆ ಕರೆದಿದ್ದಾರೆ. ಮುಂದಿನ ತಿಂಗಳು ಬೆಂಗಳೂರಿಗೆ ಬರ್ತಾನೆ. ಕಂಪ್ಯೂಟರ್ ಈಗ ಟೇಬಲ್ಲಿನ ಮೇಲೆ, ಕಿಟಕಿಯಿಂದ ದೂರ. ತಿಂಗಳ ಮೊದಲ ಭಾನುವಾರ ಅಪ್ಪಾಜಿ ಅದನ್ನು ಬ್ರಷ್ ಹಿಡಿದು ಒರೆಸ್ತಾರೆ, ಫ್ಯಾನಿನ ರೆಕ್ಕೆಗೆ ಬೆರಳು ಕೊಟ್ಟು. ಮೊನ್ನೆ ಫೋನಲ್ಲಿ ಅಮ್ಮನ ಬಿಪಿ ಎಷ್ಟು ಅಂತ ಕೇಳಿದೆ. "ನೂರಾ ಮೂವತ್ತು, ಎಂಬತ್ತು. ಕಾರ್ಡು ಅರವತ್ತಾರು" ಅಂದರು.